ಗುರುಗಳನ್ನು ರೂಪಿಸುವ ಮನೆಯ ಹಿರಿತನ

ಶರಣ ಚಿಂತನೆಯಲ್ಲಿ ಗುರುವಿನ ಸ್ಥಾನ ಎಷ್ಟು ಎತ್ತರದ್ದೋ ಅಷ್ಟೇ ಸಂಕೀರ್ಣವಾದುದು. ಗುರು, ಲಿಂಗ, ಜಂಗಮ ಎಂಬ ಮೂರು ತತ್ತ್ವಗಳಲ್ಲಿ ಗುರುವನ್ನು ಮೊದಲು ಎಣಿಸಿದ ಪರಂಪರೆಯೇ, ಕಟ್ಟಕಡೆಗೆ ಅರಿವೇ ಗುರು ಎಂಬ ನಿಲುವಿಗೂ ಬಂದಿತು. ಇಲ್ಲಿ ಅರಿವು ಎಂದರೆ ಓದಿನಿಂದ ಕೂಡಿಬಂದ ತಿಳಿವಳಿಕೆಯಷ್ಟೇ ಅಲ್ಲ, ತಾನು ಯಾರು, ತಾನು ಹೇಗೆ ಬಾಳಬೇಕು ಎಂಬುದನ್ನು ತನ್ನೊಳಗೇ ಕಂಡುಕೊಂಡ ಎಚ್ಚರ. ಈ ಎರಡು ನಿಲುವುಗಳನ್ನು ಒಟ್ಟಿಗೆ ಒಪ್ಪಿದಾಗ ಒಂದು ತೊಡಕಿನ ಪ್ರಶ್ನೆ ಎದುರಾಗುತ್ತದೆ. ಗುರು ಶಿಷ್ಯನ ಒಳಗೇ ಇರುವುದಾದರೆ, ಹೊರಗಿನ ಗುರುಗಳನ್ನು ಸಿದ್ಧಪಡಿಸುವ ಸಂಸ್ಥೆ ಏಕೆ ಬೇಕು? ಅಂಥ ಸಂಸ್ಥೆ ಇರಲೇಬೇಕೆಂದಾದರೆ, ಅದರ ಮುಖ್ಯಸ್ಥರ ಅಧಿಕಾರ ಯಾವ ಆಧಾರದ ಮೇಲೆ ನಿಲ್ಲುತ್ತದೆ? ವಿಶ್ವವಿದ್ಯಾಲಯದ ಶಿಕ್ಷಣ ನಿಕಾಯದ ಡೀನರಿಗೂ ಬಿ.ಇಡಿ. ಕಾಲೇಜಿನ ಪ್ರಾಚಾರ್ಯರಿಗೂ ಇದು ಆಡಳಿತದ ಪ್ರಶ್ನೆಯಾಗಿ ಕಾಣಬಹುದು; ಮೂಲತಃ ಇದು ಧರ್ಮದ ಪ್ರಶ್ನೆ.

ಬಾಗಲಕೋಟೆ ಜಿಲ್ಲೆಯ ನೆಲ ಈ ಪ್ರಶ್ನೆಯನ್ನು ಬಹುಕಾಲದಿಂದ ಹೊತ್ತುಕೊಂಡು ಬಂದಿದೆ. ಬಾದಾಮಿ ತಾಲ್ಲೂಕಿನಲ್ಲಿ ಮಲಪ್ರಭೆಯ ದಂಡೆಯ ಮೇಲಿರುವ ಶಿವಯೋಗಮಂದಿರ 1909ರಲ್ಲಿ ಸ್ಥಾಪನೆಯಾದದ್ದೇ ಮಠಗಳಿಗೆ ಯೋಗ್ಯ ಗುರುಗಳನ್ನು ಸಿದ್ಧಗೊಳಿಸುವುದಕ್ಕಾಗಿ. ಅದೇ ಹೊಳೆ ಪಟ್ಟದಕಲ್ಲು, ಐಹೊಳೆಗಳನ್ನು ಹಾಯ್ದು ಕೃಷ್ಣೆಯನ್ನು ಸೇರುವ ಹುನಗುಂದ ತಾಲ್ಲೂಕಿನ ಕೂಡಲಸಂಗಮ, ಬಸವಣ್ಣನವರು ಗುರುವಿನ ಆಶ್ರಯದಲ್ಲಿ ಬೆಳೆದ ಸ್ಥಳವೆಂದು ಪರಂಪರೆ ನಂಬಿದೆ. ಬಾಗಲಕೋಟೆಯಲ್ಲಿ ಬೀಳೂರು ಗುರುಬಸವ ಸ್ವಾಮಿಗಳ ಪ್ರೇರಣೆಯಿಂದ 1906ರಲ್ಲಿ ಹುಟ್ಟಿದ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘವು ಮುಂದೆ ಶಿಕ್ಷಕರನ್ನು ತಯಾರಿಸುವ ಬಿ.ಇಡಿ. ಕಾಲೇಜನ್ನೂ ಕಟ್ಟಿತು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಫಲವಾಗಿ ದೇಶದಾದ್ಯಂತ ರೂಪುಗೊಂಡ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ, ಅಂದರೆ ಶಿಕ್ಷಕರ ಬಾಯಲ್ಲಿ ಡಯಟ್, ಈ ಜಿಲ್ಲೆಯಲ್ಲಿ ನೆಲೆಯೂರಿದ್ದು ಇಳಕಲ್ಲಿನಲ್ಲಿ. ಮಠದ ವಟುವಿನಿಂದ ಹಿಡಿದು ಬಿ.ಇಡಿ. ಪ್ರಶಿಕ್ಷಣಾರ್ಥಿಯವರೆಗೆ, ಕಲಿಸುವವರನ್ನು ಕಲಿಸುವ ಕಾಯಕವು ಒಂದು ಶತಮಾನಕ್ಕೂ ಮಿಕ್ಕಿ ಇಲ್ಲಿ ನಡೆದುಬಂದಿದೆ.

ಹರಿಹರ ಕವಿಯ ರಗಳೆ ಹೇಳುವಂತೆ, ಬಸವಣ್ಣನವರು ಜನಿವಾರವನ್ನೂ ಕರ್ಮಮಾರ್ಗವನ್ನೂ ತೊರೆದು ಕಪ್ಪಡಿಸಂಗಮಕ್ಕೆ, ಅಂದರೆ ಕೂಡಲಸಂಗಮಕ್ಕೆ, ಬಂದಾಗ ಅಲ್ಲಿನ ಈಶಾನ್ಯ ಗುರುಗಳು ಅವರನ್ನು ಆದರದಿಂದ ಬರಮಾಡಿಕೊಂಡರು. ಆ ಶಿಷ್ಯ ಸಂಗಮದಲ್ಲಿಯೇ ಉಳಿದು ಸ್ಥಾನದ ಉತ್ತರಾಧಿಕಾರಿಯಾಗಲಿಲ್ಲ. ಮಂಗಳವಾಡಕ್ಕೂ ಕಲ್ಯಾಣಕ್ಕೂ ನಡೆದು, ಗುರುಕುಲದಲ್ಲಿ ಯಾರೂ ಊಹಿಸಿರದ ದಾರಿಯನ್ನು ತೆರೆದರು. ಕಲ್ಯಾಣದ ಅನುಭವಮಂಟಪವನ್ನು ಚಿತ್ರಿಸುವ ಹದಿನೈದನೆಯ ಶತಮಾನದ ಶೂನ್ಯಸಂಪಾದನೆಯಲ್ಲಿ, ಶಿಷ್ಯ ಗುರುವನ್ನು ದಾಟಿ ನಡೆಯುವ ಈ ವಿಚಾರ ಇನ್ನೂ ಮುಂದಕ್ಕೆ ಹೋಗಿದೆ. ಅಲ್ಲಿ ಶೂನ್ಯಸಿಂಹಾಸನವನ್ನೇರಿ ಗೋಷ್ಠಿಯ ಹಿರಿತನ ವಹಿಸುವ ಅಲ್ಲಮಪ್ರಭುಗಳು ಆ ಪೀಠಕ್ಕೆ ಬರುವ ಮೊದಲೇ ಮುಕ್ತಾಯಕ್ಕನನ್ನು ಭೇಟಿಯಾಗುತ್ತಾರೆ. ಅಣ್ಣನೂ ಗುರುವೂ ಆಗಿದ್ದ ಅಜಗಣ್ಣನನ್ನು ಕಳೆದುಕೊಂಡು ದುಃಖದಲ್ಲಿ ಮುಳುಗಿದ್ದ ಆ ತಂಗಿ, ಸಾಂತ್ವನ ಹೇಳಲು ಬಂದ ಪ್ರಭುಗಳ ಮಾತನ್ನು ಹಾಗೆಯೇ ಒಪ್ಪಿಕೊಳ್ಳದೆ, ಮಾತಿಗೆ ಮೀರಿದ್ದನ್ನು ಮಾತಿನಲ್ಲಿ ಹೇಳಹೊರಟವರ ನಿಲುವನ್ನೇ ಪ್ರಶ್ನೆಗೆ ಒಡ್ಡುತ್ತಾಳೆ. ಆ ಸಂಭಾಷಣೆಯನ್ನು ಸಂಪಾದನೆಯ ಕರ್ತೃಗಳು ಮುಚ್ಚಿಡದೆ ವಿಸ್ತಾರವಾಗಿ ಉಳಿಸಿಕೊಂಡರು ಎಂಬುದರಲ್ಲಿ ಒಂದು ತತ್ತ್ವವಿದೆ: ಎಲ್ಲರನ್ನೂ ಪರೀಕ್ಷಿಸುವ ಪೀಠಕ್ಕೆ ಏರುವವರು ಮೊದಲು ಪರೀಕ್ಷೆಗೆ ಒಳಗಾಗಬೇಕು.

ಇದೇ ತತ್ತ್ವದ ಇನ್ನೊಂದು ರೂಪ ಶರಣರಿಗಿಂತ ಬಹಳ ಹಿಂದಿನ ತೈತ್ತಿರೀಯ ಉಪನಿಷತ್ತಿನ ಶಿಕ್ಷಾವಲ್ಲಿಯಲ್ಲಿ ಕಾಣಸಿಗುತ್ತದೆ. ಶಿಕ್ಷಾವಲ್ಲಿ ಎಂಬುದು ಉಚ್ಚಾರಣೆ, ಅಧ್ಯಯನ, ನಡತೆಗಳನ್ನು ಕುರಿತ ಅಧ್ಯಾಯ. ವಿದ್ಯೆ ಮುಗಿಸಿ ಮನೆಗೆ ಹೊರಟ ಶಿಷ್ಯನಿಗೆ ಆಚಾರ್ಯರು ಅಲ್ಲಿ ನೀಡುವ ಉಪದೇಶದಲ್ಲಿ, ತಮ್ಮ ಒಳ್ಳೆಯ ನಡೆಗಳನ್ನು ಮಾತ್ರ ಅನುಸರಿಸಬೇಕು, ಉಳಿದವನ್ನು ಅನುಸರಿಸಬಾರದು ಎಂಬ ಅರ್ಥದ ಮಾತು ಬರುತ್ತದೆ. ಗುರುವಿನ ನಡೆಯಲ್ಲಿ ಯಾವುದು ಒಳ್ಳೆಯದು, ಯಾವುದು ಅಲ್ಲ ಎಂದು ತೂಗಿ ನೋಡುವ ಹಕ್ಕನ್ನು ಶಿಷ್ಯನ ಕೈಗೆ ಗುರುವೇ ಒಪ್ಪಿಸುವ ಗಳಿಗೆ ಅದು. ದೂರದ ಉತ್ತರ ಆಫ್ರಿಕಾದಲ್ಲಿ, ನಾಲ್ಕನೆಯ ಶತಮಾನದ ಕೊನೆಯಲ್ಲಿ, ಕ್ರೈಸ್ತ ಚಿಂತಕ ಆಗಸ್ಟೀನ್ ತನ್ನ ಮಗನೊಂದಿಗಿನ ಸಂವಾದದ ರೂಪದಲ್ಲಿ ಬರೆದ ಡೆ ಮ್ಯಾಜಿಸ್ಟ್ರೋ, ಅಂದರೆ ಗುರುವನ್ನು ಕುರಿತ ಗ್ರಂಥವೂ, ಮಾತುಗಳು ದಿಕ್ಕು ತೋರಬಲ್ಲವೇ ಹೊರತು ಸತ್ಯವನ್ನು ಕಾಣಿಸಲಾರವು, ಕಾಣಿಸುವ ಗುರು ಮನುಷ್ಯನ ಒಳಗೇ ಇದ್ದಾನೆ ಎಂಬಲ್ಲಿಗೆ ತಲುಪುತ್ತದೆ. ಆಗಸ್ಟೀನನಿಗೆ ಆ ಒಳಗಿನ ಗುರು ಕ್ರಿಸ್ತ, ಶರಣರಿಗೆ ಅರಿವು. ದೇವರನ್ನು ಕುರಿತ ಕಲ್ಪನೆಗಳು ಬೇರೆಯಾದರೂ ಹೊರಗಿನ ಗುರುವಿನ ಮಿತಿಯನ್ನು ಗುರುವಾದವನೇ ಒಪ್ಪಿಕೊಳ್ಳಬೇಕೆಂಬುದರಲ್ಲಿ ಇಬ್ಬರಿಗೂ ಭೇದವಿಲ್ಲ.

ಹಾಗಾದರೆ ಸಂಸ್ಥೆ ಏಕೆ ಎಂಬ ಪ್ರಶ್ನೆಗೆ ಶಿವಯೋಗಮಂದಿರದ ಇತಿಹಾಸ ಒಂದು ಉತ್ತರ ಕೊಡುತ್ತದೆ. ಅದನ್ನು ಕಟ್ಟಿದ ಹಾನಗಲ್ಲ ಕುಮಾರ ಸ್ವಾಮಿಗಳು (1867–1930) ಸನ್ಯಾಸದ ದಾರಿ ಹಿಡಿಯುವ ಮುನ್ನ ಹಳ್ಳಿಯ ಮಕ್ಕಳಿಗೆ ಅಕ್ಷರ ಕಲಿಸಿದವರೆಂದು ಅವರ ಚರಿತ್ರೆಗಳು ಹೇಳುತ್ತವೆ. ಮಠಗಳಿದ್ದರೂ ಅವುಗಳಲ್ಲಿ ಕುಳಿತ ಅನೇಕರಿಗೆ ಶಾಸ್ತ್ರದ ತಿಳಿವೂ ಸಾಧನೆಯ ಶಿಸ್ತೂ ಇಲ್ಲದಿದ್ದ ಕಾಲದಲ್ಲಿ, ಪೀಠವೇರುವ ಮೊದಲು ಪೀಠಕ್ಕೆ ತಕ್ಕವರಾಗಬೇಕೆಂಬ ಹಂಬಲದಿಂದ ಅವರು ಈ ವಿದ್ಯಾಕೇಂದ್ರವನ್ನು ತೆರೆದರು. ವಟುಗಳು, ಅಂದರೆ ಮುಂದೆ ಸ್ವಾಮಿಗಳಾಗಬೇಕಾದ ಬಾಲಕರು, ಇಲ್ಲಿ ಸಂಸ್ಕೃತ, ಯೋಗ, ಸಂಗೀತಗಳ ಜೊತೆಗೆ ಮೈಬಗ್ಗಿಸಿ ಮಾಡುವ ಕೆಲಸವನ್ನೂ ಕಲಿತರು. ಇಲ್ಲಿನ ವಿಭೂತಿಗೆ ನಾಡಿನಲ್ಲೆಲ್ಲ ಹೆಸರಿದೆ. ಗೋಶಾಲೆಯ ಹಸುಗಳ ಸಗಣಿಯನ್ನು ಒಣಗಿಸಿ ಸುಟ್ಟು, ಬೂದಿಯನ್ನು ನೀರಿನಲ್ಲಿ ಕದಡಿ ಸೋಸಿ, ಕಸರು ಕಳೆದ ಭಸ್ಮವನ್ನು ಗಟ್ಟಿಗಳಾಗಿ ಕಟ್ಟುವ ಆ ಕೆಲಸದಲ್ಲಿ ತಾಳ್ಮೆಯೂ ಕೈಯ ಹದವೂ ಬೇಕು. ಹಣೆಗೆ ಧರಿಸುವ ಪವಿತ್ರ ವಸ್ತುವು ಕೊಟ್ಟಿಗೆಯ ದುಡಿಮೆಯಿಂದಲೇ ಬರುತ್ತದೆಂದು ಕೈಯಾರೆ ತಿಳಿದವರಿಗೆ, ಭಕ್ತರ ದುಡಿಮೆಯನ್ನು ಕೀಳಾಗಿ ಕಾಣಲು ಮನಸ್ಸು ಬರುವುದಿಲ್ಲ. ಅರಿವು ಒಳಗಿನದೇ ಆದರೂ ಅದು ಆಚಾರವಾಗಿ, ಎಂದರೆ ನಿತ್ಯದ ನಡೆಯಾಗಿ, ನೆಲೆಗೊಳ್ಳಲು ಜೊತೆಗಾರರೂ ದಿನಚರಿಯೂ ದುಡಿಮೆಯೂ ಬೇಕು. ಸಂಸ್ಥೆ ಕೊಡಬಲ್ಲದ್ದು ಇದನ್ನೇ.

ಕುಮಾರ ಸ್ವಾಮಿಗಳ ನಾಯಕತ್ವದಲ್ಲಿ ಎರಡು ಅಂಶಗಳು ಎದ್ದು ಕಾಣುತ್ತವೆ. ಸಂಸ್ಥೆಯನ್ನು ನಡೆಸಲು ಅವರು ಊರೂರು ತಿರುಗಿ ಭಿಕ್ಷೆ ಎತ್ತಿದರು. ಪೀಠದ ಹಿರಿತನ ಅವರನ್ನು ಬೇಡುವುದರಿಂದ ಬಿಡುಗಡೆ ಮಾಡಲಿಲ್ಲ. ಅಲ್ಲದೆ, ತಮ್ಮ ಸಂಸ್ಥೆಯ ಮುಖ್ಯ ಗುರಿಯಿಂದ ಹೊರಗಿದ್ದ ಪ್ರತಿಭೆಯನ್ನೂ ಅವರು ಗುರುತಿಸಿದರು. ಅಂಧ ಬಾಲಕನೊಬ್ಬನಿಗೆ ಅವರು ಸಂಗೀತ ಶಿಕ್ಷಣ ಕೊಡಿಸಿದ್ದರಿಂದ ನಾಡು ಪಂಚಾಕ್ಷರಿ ಗವಾಯಿಗಳನ್ನು ಪಡೆಯಿತು. ಆ ಗವಾಯಿಗಳು ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳಿಗೆ ಗುರುವಾಗಿ, ಪುಟ್ಟರಾಜ ಗವಾಯಿಗಳಂಥ ಶಿಷ್ಯರನ್ನು ಬೆಳೆಸಿದರು. ಆದರೆ ಈ ಪರಂಪರೆಯ ಮಿತಿಯನ್ನೂ ನೇರವಾಗಿ ಹೇಳಬೇಕು. ಮಠದ ಗುರುವಾಗುವ ದಾರಿ ಬಹುಮಟ್ಟಿಗೆ ಜಂಗಮ ಮನೆತನಗಳ ಗಂಡುಮಕ್ಕಳಿಗೆ ಮಾತ್ರ ತೆರೆದಿತ್ತು. ಹುಟ್ಟಿನಿಂದ ಬರುವ ಹಿರಿಮೆಯನ್ನು ಶರಣರು ನಿರಾಕರಿಸಿದ್ದರೂ ಅವರ ಹೆಸರಿನಲ್ಲಿ ನಡೆದ ಸಂಸ್ಥೆಗಳು ಆ ಗಡಿಯನ್ನು ಪೂರ್ತಿಯಾಗಿ ದಾಟಲಿಲ್ಲ. ಇಂದು ಬಾಗಲಕೋಟೆಯ ಬಿ.ಇಡಿ. ತರಗತಿಯಲ್ಲಿ ನೇಕಾರರ ಮಗಳೂ ಕೂಲಿಕಾರರ ಮಗನೂ ಒಂದೇ ಬೆಂಚಿನಲ್ಲಿ ಕುಳಿತು ಶಿಕ್ಷಕರಾಗಲು ಸಿದ್ಧರಾಗುವುದು ಸಾಧ್ಯವಾಗಿದೆ. ಮುಕ್ತಾಯಕ್ಕನ ಪ್ರಶ್ನೆಗೆ ಇದ್ದ ಜಾಗವನ್ನು ಅವಳಂಥವರ ಬೋಧನೆಗೂ ತೆರೆದ ಈ ಬದಲಾವಣೆಯನ್ನು ಲೌಕಿಕ ಶಿಕ್ಷಣದ ಒಂದು ಧಾರ್ಮಿಕ ಸಾಧನೆಯೆಂದೇ ಗಣಿಸುವುದು ನ್ಯಾಯ.

ಆದರೆ ಬಾಗಿಲು ತೆರೆದ ಮಾತ್ರಕ್ಕೆ ಒಳಗಿನ ಕೆಲಸ ಮುಗಿಯುವುದಿಲ್ಲ. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ 2014ರ ನಿಯಮಗಳು ಒಂದು ವರ್ಷದ ಬಿ.ಇಡಿ.ಯನ್ನು ಎರಡು ವರ್ಷಕ್ಕೆ ವಿಸ್ತರಿಸಿ, ಶಾಲೆಗಳಲ್ಲಿ ಕಳೆಯಬೇಕಾದ ಅವಧಿಯನ್ನು 20 ವಾರಗಳಿಗೆ ನಿಗದಿಪಡಿಸಿದವು. ಕಾಲೇಜಿನಲ್ಲಿ ಕಲಿತ ಸಿದ್ಧಾಂತ, ಹಳ್ಳಿಯ ಶಾಲೆಯ ಅನುಭವ ಇವೆರಡೂ ಬೆಸೆಯಬೇಕೆಂಬುದು ಅದರ ಆಶಯ. ಇಳಕಲ್ ಸೀರೆಯ ನೇಕಾರರಿಗೆ ಈ ಬೆಸುಗೆಯ ಕಷ್ಟ ಗೊತ್ತು. ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಬೇರೆ ಬೇರೆಯಾಗಿ ಸಿದ್ಧಪಡಿಸಿ, ಒಂದರ ಎಳೆಯನ್ನು ಇನ್ನೊಂದರ ಎಳೆಯೊಳಗೆ ಕೊಂಡಿಯಾಗಿ ಸಿಕ್ಕಿಸಿ ಜೋಡಿಸುವ ಈ ವಿಧಾನದಲ್ಲಿ, ಪ್ರತಿಯೊಂದು ಸೀರೆಗೂ ಹಾಸನ್ನು ಹೊಸದಾಗಿಯೇ ಕೂಡಿಸಬೇಕು. ಶಿಕ್ಷಕರ ತಯಾರಿಯೂ ಹಾಗೆಯೇ: ಕಳೆದ ವರ್ಷದ ತಂಡಕ್ಕೆ ಹಾಕಿದ ಕೊಂಡಿ ಈ ವರ್ಷದ ಪ್ರಶಿಕ್ಷಣಾರ್ಥಿಗೆ ಒದಗುವುದಿಲ್ಲ, ಒಬ್ಬೊಬ್ಬರ ಓದನ್ನೂ ಅವರವರ ಬದುಕಿಗೆ ಎಳೆ ಎಳೆಯಾಗಿ ಸೇರಿಸಬೇಕಾಗುತ್ತದೆ. ಅದು ಸುತ್ತೋಲೆಯಿಂದ ಆಗುವ ಕೆಲಸವಲ್ಲ.

ಹುನಗುಂದದ ಕಡೆಯ ಯಾವುದೇ ಹಳ್ಳಿಯ ಪ್ರೌಢಶಾಲೆಯಲ್ಲಿ ಪಾಠಾಭ್ಯಾಸ ನಡೆಯುವಾಗ ಕಾಣುವ ಚಿತ್ರ ಸಾಮಾನ್ಯವಾಗಿ ಹೀಗಿರುತ್ತದೆ. ಪ್ರಶಿಕ್ಷಣಾರ್ಥಿ ನೀಟಾಗಿ ಬರೆದ ಪಾಠಯೋಜನೆಯನ್ನು ಮೇಜಿನ ಮೇಲಿಟ್ಟು, ಚಾರ್ಟನ್ನು ಗೋಡೆಗೆ ತೂಗುಹಾಕಿ, ಪೀಠಿಕೆಯ ಪ್ರಶ್ನೆಗಳನ್ನು ಕೇಳತೊಡಗುತ್ತಾಳೆ. ಮೇಲ್ವಿಚಾರಕರು ಹಿಂದಿನ ಬೆಂಚಿನಲ್ಲಿ ಕುಳಿತು ಷರಾ ಬರೆಯುತ್ತಾರೆ. ಪೋಷಕರು ಗುಳೆ ಹೋಗಿ ಬಂದದ್ದರಿಂದ ತಿಂಗಳುಗಟ್ಟಲೆ ಶಾಲೆ ತಪ್ಪಿಸಿಕೊಂಡ ಹುಡುಗನೊಬ್ಬ ಉತ್ತರ ಹೇಳಲಾಗದೆ ತಲೆ ತಗ್ಗಿಸುತ್ತಾನೆ. ಯೋಜನೆಯಲ್ಲಿ ಆ ಹುಡುಗನಿಗೆ ಜಾಗವಿರುವುದಿಲ್ಲ. ಆಗ ಪ್ರಶಿಕ್ಷಣಾರ್ಥಿ ಯೋಜನೆಯ ಕಡೆ ನೋಡುತ್ತಾಳೆಯೋ ಹುಡುಗನ ಕಡೆ ನೋಡುತ್ತಾಳೆಯೋ ಎಂಬುದರಲ್ಲಿ ಅವಳ ಗುರುತ್ವ ನಿರ್ಧಾರವಾಗುತ್ತದೆ. ಹುಡುಗನ ಕಡೆ ನೋಡು ಎಂದು ಷರಾದಲ್ಲಿ ಬರೆಯಬಹುದು. ನೋಡುವ ಧೈರ್ಯವನ್ನು ಬರೆದು ಕೊಡಲಾಗದು. ಆ ಧೈರ್ಯ ಬರುವುದು, ತಮಗಿಂತ ಹಿರಿಯರು ತರಗತಿಯಲ್ಲಿ ಎಡವಿದ್ದನ್ನೂ ಎಡವಿ ತಿದ್ದಿಕೊಂಡದ್ದನ್ನೂ ಕಣ್ಣಾರೆ ಕಂಡಾಗ. ಆದ್ದರಿಂದ ಮಾದರಿ ಪಾಠವೆಂಬ ಹಳೆಯ ಪದ್ಧತಿಗೆ ಹೊಸ ಅರ್ಥ ಬರಬೇಕು: ಪ್ರಾಚಾರ್ಯರೇ ಅಥವಾ ಡೀನರೇ ಪಾಠಯೋಜನೆ ಬರೆದು, ಹಳ್ಳಿಯ ಶಾಲೆಯ ನಿಜವಾದ ಮಕ್ಕಳ ಮುಂದೆ ನಿಂತು ಕಲಿಸಿ, ಪ್ರಶಿಕ್ಷಣಾರ್ಥಿಗಳು ವೀಕ್ಷಣಾ ಪುಸ್ತಕದಲ್ಲಿ ಬರೆದ ಕುಂದುಗಳನ್ನು ಎಲ್ಲರೆದುರು ಓದಿಸಿ ಕೇಳಬೇಕು. ಶಿಕಾಗೊ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ಮತ್ತು ಶಿಕ್ಷಣಶಾಸ್ತ್ರಗಳ ಹೊಣೆ ಹೊತ್ತಿದ್ದ ಜಾನ್ ಡ್ಯೂಯಿ 1896ರಲ್ಲಿ ಮುಂದೆ ಪ್ರಯೋಗಶಾಲೆಯೆಂದೇ ಹೆಸರಾದ ಮಕ್ಕಳ ಶಾಲೆಯೊಂದನ್ನು ತೆರೆದದ್ದರ ಹಿಂದೆಯೂ, ಶಿಕ್ಷಣದ ಸಿದ್ಧಾಂತಗಳು ಮಕ್ಕಳ ನಡುವೆ ಪರೀಕ್ಷೆಗೊಳ್ಳಬೇಕೆಂಬ ನಂಬಿಕೆಯೇ ಇತ್ತು.

ಇಂಥ ನಾಯಕತ್ವದ ಸ್ವರೂಪವನ್ನು ಇಳಕಲ್ಲಿನ ಚಿತ್ತರಗಿ ಸಂಸ್ಥಾನ ಮಠದ ಡಾ. ಮಹಾಂತ ಶಿವಯೋಗಿಗಳ ಕಾರ್ಯ ಸ್ಪಷ್ಟವಾಗಿ ತೋರಿಸಿಕೊಟ್ಟಿದೆ. 2018ರಲ್ಲಿ ಲಿಂಗೈಕ್ಯರಾದ ಅವರು 1975ರಲ್ಲಿ ಮಹಾಂತ ಜೋಳಿಗೆಯನ್ನು ಆರಂಭಿಸಿದರು. ಜೋಳಿಗೆ ಎಂದರೆ ಜಂಗಮರು ಭಿಕ್ಷೆಗಾಗಿ ಹೆಗಲಿಗೆ ಹಾಕಿಕೊಳ್ಳುವ ಚೀಲ. ಆ ಜೋಳಿಗೆ ಹಿಡಿದು ಮನೆಮನೆಗೆ ಹೋದ ಸ್ವಾಮಿಗಳು ಕಾಳುಕಡಿಯನ್ನಾಗಲಿ ಕಾಸನ್ನಾಗಲಿ ಬೇಡದೆ, ಕುಡಿತ, ತಂಬಾಕು ಮೊದಲಾದ ದುಶ್ಚಟಗಳನ್ನೇ ಭಿಕ್ಷೆಯಾಗಿ ಹಾಕಿರೆಂದು ಕೇಳಿದರು. ಅವರ ಜನ್ಮದಿನವಾದ ಆಗಸ್ಟ್ 1 ಇಂದು ರಾಜ್ಯದಲ್ಲಿ ವ್ಯಸನಮುಕ್ತ ದಿನವಾಗಿದೆ. ಪೀಠದಲ್ಲಿ ಕುಳಿತು ಕುಡಿಯಬೇಡಿರೆಂದು ಆಜ್ಞೆ ಮಾಡುವ ಅಧಿಕಾರ ಅವರಿಗಿತ್ತು. ಆದರೆ ಆಜ್ಞೆಗೆ ತಲೆಬಾಗಿದವನು ಆಜ್ಞೆ ಮರೆತ ದಿನ ಮತ್ತೆ ಕುಡಿಯುತ್ತಾನೆ. ಬೇಡಿದವರ ಜೋಳಿಗೆಗೆ ಚಟವನ್ನು ಹಾಕಿದವನಾದರೋ ಕೊಟ್ಟವನಾಗುತ್ತಾನೆ, ತನ್ನ ನಿರ್ಧಾರಕ್ಕೆ ತಾನೇ ಒಡೆಯನಾಗುತ್ತಾನೆ. ಗುರು ಬೇಡುವವರಾದಾಗ ಶಿಷ್ಯನೊಳಗಿನ ಅರಿವಿಗೆ ಎದ್ದು ನಿಲ್ಲಲು ಜಾಗ ಸಿಗುತ್ತದೆ.

ಇದಕ್ಕೆ ಗಂಭೀರವಾದ ಆಕ್ಷೇಪವೊಂದಿದೆ. ಶಿಕ್ಷಣ ನಿಕಾಯವೆಂಬುದು ಮಠವಲ್ಲ. ಹಾಜರಿ, ಪರೀಕ್ಷೆ, ಮಾನ್ಯತೆ, ನೇಮಕಾತಿ, ಲೆಕ್ಕಪತ್ರಗಳ ಹೊಣೆ ಹೊತ್ತವರು ಬೇಡುತ್ತ ಕುಳಿತರೆ ಶಿಸ್ತು ಉಳಿಯುವುದಿಲ್ಲ, ಅರೆಬರೆ ಕಲಿತವರು ಪದವಿ ಹಿಡಿದು ಶಾಲೆಗೆ ಹೋದರೆ ನಷ್ಟವಾಗುವುದು ಬಡವರ ಮಕ್ಕಳಿಗೆ. ಈ ಮಾತು ನಿಜ. ಹಾಜರಿಯನ್ನು ಬೇಡಬೇಕಾಗಿಲ್ಲ, ಅದನ್ನು ವಿಧಿಸಬಹುದು. ಸುಳ್ಳು ಪಾಠಯೋಜನೆ ಬರೆದವರನ್ನು ತಡೆಯಲೂಬೇಕು. ಶಿವಯೋಗಮಂದಿರದಲ್ಲೂ ದಿನಚರಿ ಕಟ್ಟುನಿಟ್ಟಾಗಿಯೇ ಇತ್ತು. ಆದರೆ ವಿಧಿಸಬಹುದಾದವುಗಳ ಪಟ್ಟಿ ಎಲ್ಲಿ ಮುಗಿಯುತ್ತದೆ ಎಂಬುದನ್ನು ಮುಖ್ಯಸ್ಥರು ತಿಳಿದಿರಬೇಕು. ಮಗುವಿನ ಮೇಲಿನ ಅಕ್ಕರೆ, ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆನ್ನುವ ಪ್ರಾಮಾಣಿಕತೆ, ಜಾತಿಯನ್ನು ತರಗತಿಯ ಹೊರಗಿಡುವ ನಿಷ್ಠೆ, ನಿವೃತ್ತಿಯವರೆಗೂ ಕಲಿಯುವ ಹಸಿವು, ಇವುಗಳಲ್ಲಿ ಯಾವುದನ್ನೂ ವಿಧಿಸಲು ಬರುವುದಿಲ್ಲ. ಶಿಕ್ಷಕರನ್ನು ಶಿಕ್ಷಕರನ್ನಾಗಿ ಮಾಡುವ ಗುಣಗಳು ಇವೇ ಆಗಿರುವುದರಿಂದ, ನಿಕಾಯದ ಅಧಿಕಾರ ಅತ್ಯಂತ ಅಗತ್ಯವಾದ ಕಡೆಯಲ್ಲೇ ಕೈಸೋಲುತ್ತದೆ. ಅಲ್ಲಿಂದ ಮುಂದೆ ಕೆಲಸ ಮಾಡುವುದು ಬೇಡಿಕೆಯೊಂದೇ, ಮತ್ತು ಬೇಡುವವರು ತಾವು ಬೇಡುತ್ತಿರುವುದನ್ನು ಮೊದಲು ತಾವು ಕೊಟ್ಟಿರಬೇಕು.

ಅರಿವೇ ಗುರುವಾದರೆ ಗುರುಗಳನ್ನು ರೂಪಿಸುವ ಮನೆಗೆ ಹಿರಿಯರೇಕೆ ಎಂಬ ಪ್ರಶ್ನೆಗೆ ಇಲ್ಲಿ ಉತ್ತರ ದೊರೆಯುತ್ತದೆ. ಅರಿವನ್ನು ಕೊಡುವುದಕ್ಕಾಗಿ ಹಿರಿಯರು ಬೇಕಾಗಿಲ್ಲ; ಅರಿವು ನಡೆಯಾಗಿ ಮಾರ್ಪಡುವ ಬಗೆಯನ್ನು ತಮ್ಮ ಮೈಮೇಲೆ ತೋರಿಸುವುದಕ್ಕೂ, ಕಿರಿಯರ ಪ್ರಶ್ನೆಗೆ ತಮ್ಮನ್ನು ಒಡ್ಡಿಕೊಳ್ಳುವುದಕ್ಕೂ, ಆಜ್ಞೆಯಿಂದ ಬಾರದ್ದನ್ನು ವಿನಯದಿಂದ ಬೇಡುವುದಕ್ಕೂ ಅವರು ಬೇಕು. ಬಾಗಲಕೋಟೆಯ ಕಾಲೇಜಿನಿಂದಾಗಲಿ ಇಳಕಲ್ಲಿನ ಡಯಟ್‌ನಿಂದಾಗಲಿ ಹೊರಟ ಶಿಕ್ಷಕಿ ಮುಂದೆ ಯಾವುದೋ ಹಳ್ಳಿಯ ಶಾಲೆಯಲ್ಲಿ ಮೂವತ್ತು ವರ್ಷ ಒಬ್ಬಳೇ ಬಾಗಿಲು ಮುಚ್ಚಿ ಕಲಿಸುವವಳು. ಅವಳ ಹಿಂದಿನ ಬೆಂಚಿನಲ್ಲಿ ಷರಾ ಬರೆಯುವವರು ದಿನವೂ ಇರುವುದಿಲ್ಲ. ಯಾರೂ ನೋಡದಿರುವಾಗಲೂ ಅವಳು ತಲೆ ತಗ್ಗಿಸಿದ ಹುಡುಗನ ಬಳಿಗೆ ಹೋದರೆ, ಅವಳನ್ನು ತಯಾರಿಸಿದ ಸಂಸ್ಥೆಯ ಹಿರಿತನ ಸಾರ್ಥಕವಾದಂತೆ. ಹೋಗದಿದ್ದರೆ, ಆ ಸಂಸ್ಥೆಗೆ ಎಷ್ಟು ಉನ್ನತ ಶ್ರೇಣಿಯ ಮಾನ್ಯತೆ ದೊರೆತಿದ್ದರೂ ಅದು ಪದವೀಧರರನ್ನು ಕಳುಹಿಸಿಕೊಟ್ಟಿದೆಯೇ ವಿನಾ ಗುರುಗಳನ್ನಲ್ಲ.