ಬೆನ್ನಿಗೆ ಕಾವಲಿದ್ದ ಬೆಳ್ಳಿ

ಮಧ್ಯ ಏಷ್ಯಾದ ತುರ್ಕ್‌ಮೆನ್ ಹೆಂಗಸರ ಒಡವೆಗಳಲ್ಲಿ ‘ಅಸಿಕ್’ ಎಂಬುದೊಂದಿದೆ. ಹೃದಯದ ಆಕಾರದ ದಪ್ಪ ಬೆಳ್ಳಿಯ ಫಲಕ, ಮೈತುಂಬ ಚಿನ್ನದ ನೀರು ಕುಡಿಸಿದ ಬಳ್ಳಿ, ನಡುವೆ ಒಂದು ಕೆಂಪು ಕಲ್ಲು. ಇಷ್ಟು ಮುತುವರ್ಜಿಯಿಂದ ಮಾಡಿದ ಒಡವೆಯನ್ನು ತೊಟ್ಟವಳು ಮಾತ್ರ ನೋಡಲಾರಳು. ಅದು ತೂಗುವುದು ಬೆನ್ನ ಮೇಲೆ, ಜಡೆಗಳ ಜೊತೆಗೆ. ಕೆಟ್ಟದ್ದು ಹಿಂದಿನಿಂದಲೇ ಬರುತ್ತದೆ, ಕಣ್ಣಿಲ್ಲದ ಕಡೆಗೆ ಕಾವಲು ಬೇಕು ಎಂಬುದು ಅವರ ಲೆಕ್ಕ. ಒಡವೆ ಕನ್ನಡಿಗಾಗಿ ಎಂದುಕೊಂಡಿರುವ ನಮಗೆ ಇದು ತಲೆಕೆಳಗಾದ ವಿಚಾರ.

ಇನ್ನೊಂದು ಲೆಕ್ಕವೂ ಇತ್ತು, ಅದು ಹಣದ್ದು. ಕಾರಾಕುಂ ಮರುಭೂಮಿಯ ಅಂಚಿನಲ್ಲಿ ಕುರಿ, ಒಂಟೆ ಹೊಡೆದುಕೊಂಡು ಡೇರೆ ಬದಲಿಸುತ್ತಿದ್ದವರಿಗೆ ಹೊಲವಿಲ್ಲ, ತಿಜೋರಿಯಿಲ್ಲ. ಕೈಗೆ ಬಂದ ರಷ್ಯಾದ ರೂಬಲ್ಲು, ಪರ್ಷಿಯಾದ ಕ್ರಾನು, ಬುಖಾರದ ತೆಂಗೆ ಎಲ್ಲವೂ ಅಕ್ಕಸಾಲಿಯ ಮೂಸೆಗೆ ಬಿದ್ದು ಕಡಗವಾಗಿ, ಪದಕವಾಗಿ ಮನೆಯ ಹೆಣ್ಣುಮಕ್ಕಳ ಮೈಮೇಲೆ ಬರುತ್ತಿದ್ದವು. ಬರಗಾಲ ಬಂದರೆ ಅದೇ ಬೆಳ್ಳಿ ಸಂತೆಗೆ. ಬ್ಯಾಂಕನ್ನು ಹೊತ್ತು ನಡೆಯುವ ಕೆಲಸ ಹೆಂಗಸಿನದು; ಖಾತೆ ಯಾರದ್ದು ಎಂಬುದು ಬೇರೆ ಪ್ರಶ್ನೆ.

ಈ ಅಕ್ಕಸಾಲಿಗೆ ಅಲ್ಲಿ ‘ಜೆರ್ಗಾರ್’ ಎನ್ನುತ್ತಾರೆ. ಚಿನ್ನವನ್ನು ಪಾದರಸದಲ್ಲಿ ಅರೆದು ಬೆಣ್ಣೆಯಂತೆ ಮಾಡಿ, ಬೇಕಾದ ಚಿತ್ತಾರದ ಮೇಲಷ್ಟೇ ಬಳಿದು, ಕೆಂಡದ ಮೇಲೆ ಹಿಡಿಯುತ್ತಿದ್ದ. ಪಾದರಸ ಆವಿಯಾಗಿ ಹೋಗುತ್ತದೆ, ಚಿನ್ನ ಬೆಳ್ಳಿಗೆ ಕಚ್ಚಿಕೊಳ್ಳುತ್ತದೆ. ಆ ಆವಿ ಎಲ್ಲಿಗೆ ಹೋಗುತ್ತಿತ್ತು? ಅವನ ಎದೆಗೂಡಿಗೇ. ಟೆಕೆ ಬುಡಕಟ್ಟಿನವರು ಹೀಗೆ ಚಿನ್ನ ಹತ್ತಿಸಿದರೆ, ಯೊಮುತ್ ಬುಡಕಟ್ಟಿನವರು ಚಿನ್ನದ ಮುಲಾಮಿನ ತೆಳು ಬಿಲ್ಲೆಗಳನ್ನು ಅಚ್ಚೊತ್ತಿ ಬೆಳ್ಳಿಗೆ ಬೆಸೆಯುತ್ತಿದ್ದರು. ಬಲ್ಲವರು ಒಡವೆ ನೋಡಿಯೇ ಇವಳು ಯಾರ ಪೈಕಿ ಎಂದು ಹೇಳಿಬಿಡುತ್ತಿದ್ದರು.

ಅಸಿಕ್‌ನ ನಡುವಿನ ಆ ಕೆಂಪು ಕಲ್ಲು ಕಾರ್ನೀಲಿಯನ್, ನಮ್ಮವರ ಬಾಯಲ್ಲಿ ಹಕೀಕ್. ಗುಜರಾತಿನ ಖಂಭಾತ್ ಈ ಕಲ್ಲಿನ ಹಳೆಯ ಪೇಟೆ. ಅಗೆದು ತಂದ ಮಂಕು ಕಲ್ಲನ್ನು ಬಿಸಿಲಿಗೆ ಒಣಗಿಸಿ, ಮಡಕೆಯಲ್ಲಿಟ್ಟು ಸುಟ್ಟರೆ ಒಳಗಿನ ಕಬ್ಬಿಣದ ಅಂಶ ಕೆಂಪೇರುತ್ತದೆ. ಹಿಂದೂಸ್ತಾನದ ಈ ಕಲ್ಲು ವರ್ತಕರ ಕೈಯಿಂದ ಕೈಗೆ ದಾಟಿ ಮಧ್ಯ ಏಷ್ಯಾ ಮುಟ್ಟುತ್ತಿತ್ತು. ನೀಲಿಯ ಫಿರೋಜಾ ಪಕ್ಕದ ಪರ್ಷಿಯಾದ ನಿಶಾಪುರದ್ದು. ಕಲ್ಲು ಸಿಗದಾಗ, ಅಥವಾ ಕೈಗೆಟುಕದಾಗ, ಬಣ್ಣದ ಗಾಜು.

ಮದುವೆಯಾಗದ ಹುಡುಗಿಯ ಟೋಪಿಯ ಮೇಲೆ ‘ಗುಪ್ಬಾ’ ಎಂಬ ಬೆಳ್ಳಿಯ ಗುಮ್ಮಟ. ಮದುವೆಯ ದಿನ ಮೈಮೇಲೆ ಕಿಲೋಗಟ್ಟಲೆ ಭಾರ. ಮಕ್ಕಳಾದಂತೆ ಒಡವೆ ಒಂದೊಂದಾಗಿ ಇಳಿದು, ಮುದುಕಿಯಾಗುವಷ್ಟರಲ್ಲಿ ಮೈಮೇಲೆ ಉಳಿಯುತ್ತಿದ್ದದ್ದು ಅಲ್ಪಸ್ವಲ್ಪ. ಗಂಡುಹುಡುಗರಿಗೂ ಅಂಗಿಗೆ ಹೊಲಿದ ಬೆಳ್ಳಿಯ ಬಿಲ್ಲು-ಬಾಣದ ತಾಯಿತವಿತ್ತು. ಕುದುರೆಗೂ ಕೆಂಪು ಕಲ್ಲಿನ ಕೊರಳಪಟ್ಟಿ. ಕುದುರೆ ಕಡಿಮೆಯದ್ದೇನಲ್ಲವಲ್ಲ, ಹೆಸರಾಂತ ಅಖಾಲ್-ಟೆಕೆ ತಳಿ!

ಈ ಬದುಕು ಹಾಗೆಯೇ ಉಳಿಯಲಿಲ್ಲ. 1881ರಲ್ಲಿ ರಷ್ಯಾದ ಜನರಲ್ ಸ್ಕೋಬೆಲೆವ್ ತುರ್ಕ್‌ಮೆನ್ನರ ಗ್ಯೋಕ್-ತೆಪೆ ಕೋಟೆ ಹಿಡಿದ. 1930ರ ದಶಕದಲ್ಲಿ ಸಾಮೂಹಿಕ ಕೃಷಿ ಬಂದು ಅಲೆಮಾರಿ ಬದುಕೇ ಮುಗಿಯಿತು. ಒಡವೆಗಳೂ ಊರು ಬಿಟ್ಟವು. ವುಲ್ಫ್ ಎಂಬ ದಂಪತಿ ಕೂಡಿಟ್ಟ ಇಂಥ ಒಡವೆಗಳು 2012ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿ ಪ್ರದರ್ಶನಗೊಂಡವು. ಇಂಥ ಸಂಗ್ರಹಗಳ ಚೀಟಿಗಳಲ್ಲಿ ಬುಡಕಟ್ಟಿನ ಹೆಸರಿರುತ್ತದೆ, ಶತಮಾನವಿರುತ್ತದೆ, ಸಂಗ್ರಾಹಕನ ಹೆಸರಂತೂ ಇದ್ದೇ ಇರುತ್ತದೆ. ಪಾದರಸದ ಆವಿ ಕುಡಿದವನದ್ದೂ ಇಲ್ಲ, ಬೆಳ್ಳಿ ಹೊತ್ತವಳದ್ದೂ ಇಲ್ಲ.

ತುರ್ಕ್‌ಮೆನಿಸ್ತಾನದಲ್ಲಿ ಮದುವಣಗಿತ್ತಿಗೆ ಇಂದಿಗೂ ಬೆಳ್ಳಿ ಹೇರುತ್ತಾರೆ. ಅವಳಿಗೆ ಅದು ಮದುವೆಯ ಒಂದು ದಿನದ ಭಾರ. ಅವಳ ಮುತ್ತಜ್ಜಿಯ ಕಾಲದವರು ಇಂಥ ಕಡಗಗಳನ್ನು ತೊಟ್ಟುಕೊಂಡೇ ಹಿಟ್ಟು ನಾದುತ್ತಿದ್ದರು, ನೀರು ಹೊರುತ್ತಿದ್ದರು.