ಪ್ರತಿಫಲ ಕೇಳದ ಪ್ರೀತಿ

ಹುಟ್ಟುಕುರುಡನೊಬ್ಬನನ್ನು ಕಂಡ ಶಿಷ್ಯರು ಪ್ರಭು ಯೇಸುವನ್ನು ಕೇಳಿದ ಪ್ರಶ್ನೆ ನಿಮಗೆ ತಿಳಿದಿದೆ: ಇದು ಯಾರ ಪಾಪದ ಫಲ, ಇವನದೋ, ಇವನನ್ನು ಹೆತ್ತವರದೋ? ಇಬ್ಬರದೂ ಅಲ್ಲವೆಂದು ಪ್ರಭು ಆ ಪ್ರಶ್ನೆಯನ್ನೇ ತಳ್ಳಿಹಾಕಿದರೆಂದು ಸಂತ ಯೊವಾನ್ನರ ಶುಭಸಂದೇಶದ 9ನೇ ಅಧ್ಯಾಯ ತಿಳಿಸುತ್ತದೆ. ಆದರೂ ವಿಶೇಷಚೇತನ ಮಗು ಹುಟ್ಟಿದ ಮನೆಯ ಸುತ್ತ ಆ ಪಿಸುಮಾತು ಇಂದಿಗೂ ಅಡಗಿಲ್ಲ. ಅದರ ಬೆನ್ನಿಗೇ ಮತ್ತೊಂದು ಪ್ರಶ್ನೆ ಏಳುತ್ತದೆ. ತಕ್ಕ ಚಿಕಿತ್ಸೆ, ತರಬೇತಿ ದೊರೆತರೆ ಅನೇಕ ಮಕ್ಕಳು ಸ್ವಾವಲಂಬಿಗಳಾಗುತ್ತಾರೆ, ನಿಜ. ಹಾಗೆ ಆಗಲಾರದ ಮಗುವಿಗಾಗಿ ಇಷ್ಟೊಂದು ಶ್ರಮವೇಕೆ?

ಫ್ರಾನ್ಸ್ ದೇಶದ ಒಂದು ಕಥೋಲಿಕ ಕುಟುಂಬವನ್ನು ನೋಡೋಣ. ಮುಂದೆ ಆ ದೇಶದ ಅಧ್ಯಕ್ಷರಾದ ಚಾರ್ಲ್ಸ್ ಡಿ ಗಾಲ್ ಮತ್ತು ಇವೋನ್ ದಂಪತಿಗೆ 1928ರ ಜನವರಿ 1ರಂದು ಆನ್ ಎಂಬ ಮಗಳು ಜನಿಸಿದಳು. ಅವಳಿಗೆ ಡೌನ್ ಸಿಂಡ್ರೋಮ್ ಇತ್ತು. ಅಂತಹ ಮಕ್ಕಳನ್ನು ದೂರದ ಸಂಸ್ಥೆಗೆ ಸೇರಿಸಿ ಮರೆತುಬಿಡುವ ಕುಟುಂಬಗಳು ಆಗ ಬಹಳ. ಈ ದಂಪತಿ ಹಾಗೆ ಮಾಡದೆ ಅವಳನ್ನು ತಮ್ಮೊಡನೆಯೇ ಬೆಳೆಸಿದರು. 1940ರಲ್ಲಿ ಯುದ್ಧದಿಂದ ಪಾರಾಗಿ ಇಂಗ್ಲೆಂಡಿಗೆ ಹೊರಟಾಗಲೂ ತಾಯಿ ಅವಳನ್ನು ಜೊತೆಗೇ ಕರೆದೊಯ್ದರು. ಬಿಗುಮಾನಕ್ಕೆ ಹೆಸರಾದ ಸೇನಾಧಿಕಾರಿ ತಂದೆ ಅವಳಿಗಾಗಿ ಹಾಡುತ್ತಿದ್ದರು, ಅವಳೊಡನೆ ಮಗುವಾಗಿ ಆಡುತ್ತಿದ್ದರು.

ಆನ್ 1948ರಲ್ಲಿ, ಇಪ್ಪತ್ತನೇ ವಯಸ್ಸಿನಲ್ಲಿ ತೀರಿಕೊಂಡಳು. ಕೊನೆಯವರೆಗೂ ಅವಳಿಗೆ ಪರರ ಆಸರೆ ಬೇಕಿತ್ತು. ಲೋಕದ ತಕ್ಕಡಿ ಇದನ್ನು ಸೋಲೆಂದು ತೂಗೀತು. ಆದರೆ ಯಾವ ಗಿಡವೂ ಪಕ್ಕದ ಗಿಡದ ಹೂವನ್ನು ಬಿಡಲಾರದು. ದೇವರು ತನ್ನೊಳಗೆ ಇರಿಸಿದ್ದನ್ನು ಮಗು ಅಂಜಿಕೆಯಿಲ್ಲದೆ ತೋರುವಂತಾದರೆ ಅದೇ ಅರಳುವಿಕೆ. ನಾಚಿಕೆಯಿಂದ ಒಳಕೋಣೆಯಲ್ಲಿ ಬಚ್ಚಿಟ್ಟ ಮಗುವಿಗೆ ಆ ಭಾಗ್ಯವೆಲ್ಲಿ? ಫಲವನ್ನು ಕಂಡ ಮೇಲೆ ಪ್ರೀತಿಸುತ್ತೇವೆ ಎಂದರೆ, ಮೊಳಕೆ ಒಡೆದ ಮೇಲೆ ನೀರೆರೆಯುತ್ತೇವೆ ಎಂದಂತೆ.

ಪ್ರೀತಿಯುಳ್ಳ ಹೆತ್ತವರನ್ನೂ ನಿದ್ದೆಗೆಡಿಸುವ ಚಿಂತೆಯೊಂದುಂಟು: ನಮ್ಮ ನಂತರ ಈ ಮಗುವಿಗೆ ಯಾರು ದಿಕ್ಕು? ಡಿ ಗಾಲ್ ದಂಪತಿ 1945ರಲ್ಲಿ ಮಗಳ ಹೆಸರಿನಲ್ಲಿ ಪ್ರತಿಷ್ಠಾನವೊಂದನ್ನು ಸ್ಥಾಪಿಸಿ, ಬೌದ್ಧಿಕ ನ್ಯೂನತೆಯುಳ್ಳ ಬಡ ಹೆಣ್ಣುಮಕ್ಕಳಿಗೆ ಆಸರೆ ಕಲ್ಪಿಸಿದರು. ಒಬ್ಬ ಮಗಳ ಮೇಲಿನ ಮಮತೆ ಮನೆಯ ಹೊಸ್ತಿಲು ದಾಟಿತು. ನಮ್ಮ ದೇಶದಲ್ಲಿಯೂ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ನ್ಯೂನತೆ ಹಾಗೂ ಬಹುವಿಧ ನ್ಯೂನತೆ ಉಳ್ಳವರಿಗೆ ಕಾನೂನುಬದ್ಧ ಪಾಲಕರನ್ನು ನೇಮಿಸಲು ಜಿಲ್ಲೆಯ ಸ್ಥಳೀಯ ಸಮಿತಿಗೆ ಅರ್ಜಿ ಸಲ್ಲಿಸಬಹುದು. ಆದರೆ ಹೊಣೆ ಹೊರುವ ಮನಸ್ಸುಳ್ಳವರು ಬೇಕಲ್ಲವೇ? ಅವರನ್ನು ಒದಗಿಸಬೇಕಾದದ್ದು ಬಂಧುಬಳಗ ಮತ್ತು ಧರ್ಮಕೇಂದ್ರ.

ಬಲಿಪೂಜೆಯ ನಡುವೆ ಮಗು ಕೂಗಿಕೊಂಡಾಗ ತಿರುಗಿ ನೋಡುವ ಕಣ್ಣುಗಳಿಗೆ ಅಂಜಿ ದೇವಾಲಯದ ಬಾಗಿಲಲ್ಲೇ ನಿಲ್ಲುವ ತಾಯಂದಿರಿದ್ದಾರೆ. ಬರುವ ಭಾನುವಾರ ನಿಮ್ಮ ಬೆಂಚಿನಲ್ಲಿ ತುಸು ಸರಿದು ಅವರಿಗೆ ಜಾಗ ಕೊಡಿ. ಮಗುವಿನ ಹೆಸರು ಕೇಳಿ, ಹೆಸರು ಹಿಡಿದು ಮಾತನಾಡಿಸಿ. ಒಂದು ಸಂಜೆ ಮಗುವಿನೊಡನೆ ಕುಳಿತು ತಾಯಿಗೆ ವಿಶ್ರಾಂತಿ ನೀಡಿ. ಅವರ ನಿದ್ದೆಗೆಡಿಸುವ ಪ್ರಶ್ನೆಗೆ ಉತ್ತರ ಅಲ್ಲಿಂದಲೇ ಆರಂಭವಾಗುತ್ತದೆ.