ಕಪಾಟಿನೊಳಗಿನ ಗೊಂಬೆ

ಹಾವೇರಿ, ರಾಣೆಬೆನ್ನೂರು ಕಡೆಯ ಎಷ್ಟೋ ಮನೆಗಳ ಪಡಸಾಲೆಯಲ್ಲಿ ಗಾಜಿನ ಕಪಾಟೊಂದಿರುತ್ತದೆ. ಸೋದರಮಾವ ಬೆಂಗಳೂರಿನಿಂದ ತಂದ ಕಾರು, ಮೊದಲ ಹುಟ್ಟುಹಬ್ಬಕ್ಕೆ ಬಂದ ಗೊಂಬೆ, ಒತ್ತಿದರೆ ಅಕ್ಷರ ಉಲಿಯುವ ಹಲಗೆ, ಎಲ್ಲವೂ ಹೊದಿಸಿದ ಪ್ಲಾಸ್ಟಿಕ್ ಸಮೇತ ಅದರೊಳಗೆ ಕುಳಿತಿರುತ್ತವೆ. ಒಂದೂವರೆ ವರ್ಷದ ಕೂಸು ಗಾಜಿಗೆ ಅಂಗೈ ಹಚ್ಚಿ ನಿಂತರೆ, ‘ಬ್ಯಾಡವ್ವಾ, ಮುರೀತೈತಿ’ ಎಂದು ಅಜ್ಜಿ ಎತ್ತಿಕೊಂಡು ಹೋಗುತ್ತಾಳೆ. ಮಗುವಿಗೆಂದು ತಂದದ್ದನ್ನು ಮಗುವಿನಿಂದಲೇ ಕಾಪಾಡುವ ಈ ಎಚ್ಚರದಲ್ಲಿ ಪ್ರೀತಿಯಿಲ್ಲವೆನ್ನಲಾರೆ. ದುಡಿದ ಹಣದ ಬೆಲೆ ಬಲ್ಲವರ ಎಚ್ಚರ ಅದು. ಆದರೂ ಆ ಆಟಿಕೆಯನ್ನು ನಾವು ಕೊಂಡದ್ದು ಯಾರಿಗೆ?

ಇದೇ ಸೀಮೆಯಲ್ಲಿ ಜ್ಯೇಷ್ಠ ಮುಗಿಯುವ ದಿನ ಮಣ್ಣೆತ್ತಿನ ಅಮಾವಾಸ್ಯೆ. ಕುಂಬಾರರ ಮನೆಯಿಂದ ತಂದ, ಇಲ್ಲವೇ ಮನೆಯಲ್ಲೇ ಎರೆಮಣ್ಣು ನಾದಿ ತಿದ್ದಿದ ಜೋಡಿ ಎತ್ತುಗಳಿಗೆ ಅಂದು ಪೂಜೆ. ಮುಂಗಾರಿನ ಹೊಲದಲ್ಲಿ ದುಡಿಯುವ ಜೀವವೇ ಮಣ್ಣಿನ ರೂಪದಲ್ಲಿ ಜಗುಲಿಗೆ ಬಂದು, ಆಮೇಲೆ ಮಕ್ಕಳ ಕೈಗೂ ಬೀಳುತ್ತದೆ. ಕೋಡು ಉದುರೀತು, ಕಾಲು ಮುರಿದೀತು. ಅತ್ತರೆ ಇನ್ನೊಂದು ಮುದ್ದೆ ಮಣ್ಣು. ದೊಡ್ಡವರು ಕೈಮುಗಿದದ್ದನ್ನೇ ಚಿಕ್ಕವರು ಆಡುವ, ಮುರಿದರೆ ಯಾರಿಗೂ ನಷ್ಟವೆನಿಸದ ಆ ಏರ್ಪಾಡಿನಲ್ಲಿ, ಇದರಿಂದ ಮಗು ಏನು ಕಲಿತೀತೆಂದು ಯಾರೂ ಲೆಕ್ಕ ಹಾಕಿದಂತಿಲ್ಲ.

ಹಾಗೆಂದು ಹಿಂದಿನದೆಲ್ಲ ಚೆಂದವೆಂದು ಹಾಡಲು ನನಗೆ ಮನಸ್ಸಿಲ್ಲ. ಕೂಸಿನ ಮೇಲೆ ಒಂದು ಕಣ್ಣಿಡಲೂ ಬಿಡುವಿಲ್ಲದ ತಾಯಂದಿರು ಆಗಲೂ ಇದ್ದರು, ಈಗಲೂ ಇದ್ದಾರೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸಲು ಕೂರುವ ತಾಯಿಯನ್ನೇ ನೆನೆಯಿರಿ. ಅಂಬೆಗಾಲು ಬಿಟ್ಟು ಆಗಷ್ಟೇ ನಡೆಯಲು ಕಲಿತ ಮಗುವಿಗೆ ಜಗತ್ತಿನಲ್ಲಿ ಬೇರೇನೂ ಬೇಡ, ಅವ್ವನ ಕೈಯಲ್ಲಿರುವುದೇ ಬೇಕು, ಅವಳು ಮಾಡುವುದನ್ನೇ ಮಾಡಬೇಕು. ಆದರೆ ಅಲ್ಲಿರುವುದು ಖಾರ, ಆ ಕೈಯನ್ನು ಚೆನ್ನಾಗಿ ತೊಳೆಯದೆ ಅವಳು ಮಗುವಿನ ಕಣ್ಣೊರೆಸುವಂತಿಲ್ಲ. ಆಗ ಅವಳು ಸರಿಸಿಕೊಡುವ ಮುಚ್ಚಳದ ಡಬ್ಬಿ, ಒಂದು ಚಮಚ, ನಾಲ್ಕು ಬಟ್ಟೆ ತುಂಡು, ಬೆಲೆಯಲ್ಲಿ ಏನೂ ಅಲ್ಲ. ಮಗು ಮುಚ್ಚಳ ತೆಗೆಯುತ್ತದೆ, ಹಾಕುತ್ತದೆ, ಒಳಗಿದ್ದದ್ದು ಇನ್ನೂ ಒಳಗೇ ಇದೆಯೇ ಎಂದು ಮತ್ತೆ ತೆಗೆದು ನೋಡುತ್ತದೆ. ನಮಗೆ ಬೇಸರ ಬರುವ ಹೊತ್ತಿಗೆ ಅದರ ವಿಚಾರ ಇನ್ನೂ ಆರಂಭದಲ್ಲಿರುತ್ತದೆ. ಈ ವಯಸ್ಸಿಗೆ ಆಟಿಕೆ ಆರಿಸುವುದೆಂದರೆ, ಎಷ್ಟು ಸಲದ ಪುನರಾವರ್ತನೆಯನ್ನು, ಎಷ್ಟು ಸದ್ದನ್ನು, ಎಷ್ಟು ಚೆಲ್ಲಾಟವನ್ನು ನಾವು ತಾಳಬಲ್ಲೆವೆಂದು ನಮ್ಮನ್ನೇ ಅಳೆದುಕೊಳ್ಳುವುದಲ್ಲವೇ? (ಡಬ್ಬಿಯೊಳಗೆ ಶೇಂಗಾ ಹಾಕಿ ಕೊಡುವವರಿದ್ದಾರೆ. ಬೇಡ. ಗಂಟಲಿಗೆ ಸಿಕ್ಕಿಕೊಳ್ಳುವ ಕಾಳುಗಳಲ್ಲಿ ಅದೇ ಮುಂದು.)

ಎಲ್ಲವನ್ನೂ ಬಾಯಿಯಿಂದಲೇ ಅರಿಯುವ ವಯಸ್ಸಿದು, ಹಾಗಾಗಿ ಆಟಿಕೆ ಸುರಕ್ಷಿತವೇ ಎಂದೂ ನೋಡಬೇಕು. ನಮ್ಮ ದೇಶದಲ್ಲಿ 2021ರ ಜನವರಿಯಿಂದ ಹದಿನಾಲ್ಕರೊಳಗಿನ ಮಕ್ಕಳ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಆದರೂ ಜಾತ್ರೆಯ ಅಂಗಡಿಯಲ್ಲಿ ಅದನ್ನು ಹುಡುಕುವವರು ಎಷ್ಟು ಮಂದಿ? ಗುಂಡಿಯಂಥ ಬ್ಯಾಟರಿಯ ಮುಚ್ಚಳ ಸಡಿಲವಿದ್ದರೆ ಆ ಆಟಿಕೆ ಎಷ್ಟೇ ಪಾಠ ಹೇಳಲಿ, ಬಿಟ್ಟು ಬರುವುದೇ ಲೇಸು. ಚನ್ನಪಟ್ಟಣದ ಗೊಂಬೆ ಮಾಡುವವರು ಆಲೆ ಮರವನ್ನು ಕಡೆದು, ತಿರುಗುತ್ತಿರುವಾಗಲೇ ಬಣ್ಣ ಬೆರೆತ ಅರಗನ್ನು ಒತ್ತಿ ಹಿಡಿದು ಮೆರುಗು ಕೊಡುತ್ತಾರೆ. ಅಂಥದನ್ನು ಕೊಳ್ಳುವಾಗಲೂ ಬಣ್ಣ ಯಾವುದರಿಂದ ಮಾಡಿದ್ದೆಂದು ಒಂದು ಮಾತು ಕೇಳುವುದು ಸಂಕೋಚದ ವಿಷಯವಲ್ಲ.

ಇಷ್ಟು ನೋಡಿಕೊಂಡ ಮೇಲೆ ನಾವು ಕೈ ಕಟ್ಟಿ ಕೂತರೆ ಸಾಕಿತ್ತು, ಅದೇ ಕಷ್ಟ. ಮಗು ಕಾರನ್ನು ಬೋರಲು ಹಾಕಿ ಗಾಲಿ ತಿರುಗಿಸುತ್ತಿರುತ್ತದೆ, ಬಂದ ನೆಂಟರು ‘ಹಂಗಲ್ಲ, ಹಿಂಗ’ ಎಂದು ಕಸಿದು ನೆಟ್ಟಗೆ ಓಡಿಸಿ ತೋರಿಸುತ್ತಾರೆ. ಆಮೇಲೆ ‘ಆನಿ ಎಲ್ಲೈತಿ ತೋರ್ಸು’ ಎಂಬ ಪರೀಕ್ಷೆ ಬೇರೆ. ಗಾಲಿಯ ವಿಚಾರ ಅಲ್ಲಿಗೇ ನಿಲ್ಲುತ್ತದೆ.

ಮುಚ್ಚಳದ ಮೋಹ ಎಷ್ಟು ದಿನ? ಎರಡು ತುಂಬಿ ಮಾತು ಬಂದಿತೆಂದರೆ ಅದೇ ಡಬ್ಬಿ ಬಸ್ಸಾಗುತ್ತದೆ. ‘ಹುಬ್ಬಳ್ಳಿ, ಹುಬ್ಬಳ್ಳಿ’ ಎಂದು ಕೂಗುವ ಕಂಡಕ್ಟರನ ಹತ್ತಿರ ಮನೆಮಂದಿಯೆಲ್ಲ ಸಾಲಾಗಿ ಕೂತು ಟಿಕೆಟ್ ತೆಗೆಸಬೇಕು, ಚಿಲ್ಲರೆಯನ್ನೂ ಅವರೇ ಕೊಡಬೇಕು.